ಇಪ್ಪತ್ತಾರು ದಿನಗಳ ಕಾದಂಬರಿ: ದಾಸ್ತೊಯೆವ್‌ಸ್ಕಿಯ ಬದುಕಿನ ಒಂದು ನಿರ್ಧಾರ

ಭಾರತೀಯ ಕಾವ್ಯಮೀಮಾಂಸೆಯು ಪ್ರತಿಭೆ, ವ್ಯುತ್ಪತ್ತಿ, ಅಭ್ಯಾಸಗಳನ್ನು ಕಾವ್ಯಹೇತುಗಳೆಂದು ಗುರುತಿಸಿದೆ. ಮಮ್ಮಟನು ಕಾವ್ಯಪ್ರಯೋಜನಗಳನ್ನು ಎಣಿಸುವಾಗ ಕೀರ್ತಿಯ ಜೊತೆಗೆ ಅರ್ಥಪ್ರಾಪ್ತಿಯನ್ನೂ ಸೇರಿಸಿದ್ದಾನೆ. ಆದರೆ ಸಾಲ, ಕರಾರು, ಗಡುವುಗಳು ಕೃತಿಯೊಂದರ ಹುಟ್ಟಿಗೆ ಕಾರಣವಾಗಬಲ್ಲವೇ ಎಂಬ ಪ್ರಶ್ನೆ ಆ ಪರಂಪರೆಗೆ ಎದುರಾಗಲಿಲ್ಲ. ಮುದ್ರಣಯಂತ್ರ, ನಿಯತಕಾಲಿಕೆ ಹಾಗೂ ಪ್ರಕಾಶಕರ ಆಶ್ರಯದಲ್ಲಿ ಬೆಳೆದ ಕಾದಂಬರಿ ಪ್ರಕಾರ ಈ ಪ್ರಶ್ನೆಯನ್ನು ತನ್ನೊಂದಿಗೇ ತಂದಿತು. ಅದರ ಅತ್ಯಂತ ತೀವ್ರವಾದ ರೂಪವನ್ನು ರಷ್ಯದ ಕಾದಂಬರಿಕಾರ ಫ್ಯೋದರ್ ಮಿಖಾಯ್ಲೊವಿಚ್ ದಾಸ್ತೊಯೆವ್‌ಸ್ಕಿಯ (1821-1881) ಬದುಕಿನ ಒಂದು ಸಂದರ್ಭದಲ್ಲಿ ಕಾಣಬಹುದು. 1866ರ ಅಕ್ಟೋಬರ್ ತಿಂಗಳ ಮೊದಲ ದಿನ ಅವನ ಮುಂದೆ ಒಂದು ಗಡುವು ನಿಂತಿತ್ತು. ಒಂದು ತಿಂಗಳೊಳಗೆ ಹೊಸ ಕಾದಂಬರಿಯೊಂದನ್ನು ಬರೆದು ಮುಗಿಸಬೇಕು. ಇಲ್ಲವಾದರೆ ಮುಂದಿನ ಒಂಬತ್ತು ವರ್ಷಗಳ ಬರವಣಿಗೆಯ ಮೇಲಿನ ಹಕ್ಕನ್ನು ಬಿಟ್ಟುಕೊಡಬೇಕು. ಆ ದಿನದವರೆಗೆ ಅವನು ಆ ಕಾದಂಬರಿಯ ಬರವಣಿಗೆಯನ್ನೇ ಆರಂಭಿಸಿರಲಿಲ್ಲ. ಈ ಸವಾಲನ್ನು ಅವನು ಹೇಗೆ ಸ್ವೀಕರಿಸಿದ, ಯಾವುದನ್ನು ಒಪ್ಪಿದ, ಯಾವುದನ್ನು ನಿರಾಕರಿಸಿದ ಎಂಬುದು ಅವನ ಜೀವನಚರಿತ್ರೆಗೆ ಎಷ್ಟು ಮುಖ್ಯವೋ ಕರ್ತೃತ್ವದ ಪರಿಕಲ್ಪನೆಗೂ ಅಷ್ಟೇ ಮುಖ್ಯವಾಗಿದೆ. (ಇಲ್ಲಿ ರಷ್ಯದ ಘಟನೆಗಳಿಗೆ ಕೊಟ್ಟಿರುವ ದಿನಾಂಕಗಳು ಆಗ ಅಲ್ಲಿ ಬಳಕೆಯಲ್ಲಿದ್ದ ಹಳೆಯ ಪಂಚಾಂಗದವು, ಇಂದಿನ ಪಂಚಾಂಗಕ್ಕಿಂತ ಅವು 12 ದಿನ ಹಿಂದೆ ಇವೆ.)

1. ಸಾಲದ ಹಿನ್ನೆಲೆ

ದಾಸ್ತೊಯೆವ್‌ಸ್ಕಿ ಮಾಸ್ಕೋದಲ್ಲಿ ಬಡವರ ಆಸ್ಪತ್ರೆಯೊಂದರ ವೈದ್ಯನ ಮಗನಾಗಿ ಹುಟ್ಟಿದವನು. ಪೀಟರ್ಸ್‌ಬರ್ಗ್‌ನ ಸೈನಿಕ ಎಂಜಿನಿಯರಿಂಗ್ ಶಾಲೆಯಲ್ಲಿ ಕಲಿತು, ಆ ವೃತ್ತಿಯನ್ನು ಬೇಗನೆ ತೊರೆದು, 1846ರಲ್ಲಿ ‘ಬಡ ಜನರು’ ಎಂಬ ಮೊದಲ ಕಾದಂಬರಿಯಿಂದಲೇ ಹೆಸರಾದ. 1849ರಲ್ಲಿ ಪೆತ್ರಶೆವ್‌ಸ್ಕಿಯ ವಿಚಾರಗೋಷ್ಠಿಗೆ ಸೇರಿದವನೆಂಬ ಕಾರಣಕ್ಕೆ ಬಂಧಿತನಾದ. ಅದೇ ವರ್ಷದ ಡಿಸೆಂಬರ್ 22ರಂದು ವಧಾಸ್ಥಾನದಲ್ಲಿ ನಿಲ್ಲಿಸಿದ ಮೇಲೆ ಮರಣದಂಡನೆಯನ್ನು ಸೆರೆವಾಸಕ್ಕೆ ಇಳಿಸಲಾಯಿತು. ಸೈಬೀರಿಯದ ಓಮ್‌ಸ್ಕ್‌ನಲ್ಲಿ ನಾಲ್ಕು ವರ್ಷಗಳ ಕಠಿಣ ಸೆರೆವಾಸ, ಆಮೇಲೆ ಸಾಮಾನ್ಯ ಸೈನಿಕನಾಗಿ ದುಡಿಮೆ. 1859ರ ಕೊನೆಯಲ್ಲಿ ಪೀಟರ್ಸ್‌ಬರ್ಗಿಗೆ ಮರಳುವ ಹೊತ್ತಿಗೆ ಬರವಣಿಗೆಯ ಬದುಕಿನ ಒಂದು ದಶಕ ಕಳೆದುಹೋಗಿತ್ತು.

ಅಣ್ಣ ಮಿಖಾಯಿಲನ ಜೊತೆ ಸೇರಿ 1861ರಲ್ಲಿ ಆರಂಭಿಸಿದ ‘ವ್ರೆಮ್ಯಾ’ ಎಂಬ ಮಾಸಪತ್ರಿಕೆ ಜನಪ್ರಿಯವಾಯಿತು. ಪೋಲೆಂಡಿನ ಬಂಡಾಯವನ್ನು ಕುರಿತ ಲೇಖನವೊಂದರ ಕಾರಣದಿಂದ ಸರ್ಕಾರ 1863ರಲ್ಲಿ ಅದನ್ನು ನಿಷೇಧಿಸಿತು. ಅದರ ಬದಲಿಗೆ ‘ಎಪೋಖಾ’ ಎಂಬ ಪತ್ರಿಕೆಯನ್ನು ಹೊರಡಿಸಿದ ವರ್ಷವೇ, ಅಂದರೆ 1864ರ ಏಪ್ರಿಲ್‌ನಲ್ಲಿ, ಹೆಂಡತಿ ಮರಿಯಾ ದ್ಮಿತ್ರಿಯೆವ್ನಾ ಕ್ಷಯದಿಂದ ತೀರಿಕೊಂಡಳು. ಜುಲೈ ತಿಂಗಳಲ್ಲಿ ಮಿಖಾಯಿಲನೂ ತೀರಿಕೊಂಡ. ಅಣ್ಣನ ಸಾಲ, ಅವನ ವಿಧವೆ ಮತ್ತು ಮಕ್ಕಳ ಹೊಣೆ, ಜೊತೆಗೆ ಹೆಂಡತಿಯ ಮೊದಲ ಮದುವೆಯ ಮಗನ ಹೊಣೆ ದಾಸ್ತೊಯೆವ್‌ಸ್ಕಿಯ ಮೇಲೆ ಬಿದ್ದವು. ಅಣ್ಣನ ಸಾಲವನ್ನು ತನ್ನ ಹೆಸರಿಗೆ ಬರೆಸಿಕೊಳ್ಳಲೇಬೇಕೆಂಬ ನಿರ್ಬಂಧ ಅವನಿಗಿರಲಿಲ್ಲ. ಅಣ್ಣನ ಹೆಸರು ಉಳಿಯಲೆಂದು ಅವನಾಗಿಯೇ ವಹಿಸಿಕೊಂಡ. 1865ರಲ್ಲಿ ‘ಎಪೋಖಾ’ ನಿಂತುಹೋಯಿತು. ಸಾಲ ಕೊಟ್ಟವರು ಸೆರೆಮನೆಯ ಭಯ ತೋರಿಸತೊಡಗಿದರು.

2. ಕರಾರು

ಈ ಹೊತ್ತಿನಲ್ಲಿ ಎದುರಾದವನು ಸ್ತೆಲ್ಲೊವ್‌ಸ್ಕಿ ಎಂಬ ಪ್ರಕಾಶಕ. ಸಂಗೀತಕೃತಿಗಳ ಪ್ರಕಟಣೆಯಲ್ಲಿ ಹೆಸರಾಗಿದ್ದ ಈತ ಸಾಹಿತಿಗಳ ಕೃತಿಸಂಪುಟಗಳನ್ನೂ ಹೊರತರುತ್ತಿದ್ದ. 1865ರ ಬೇಸಗೆಯಲ್ಲಿ ಆದ ಕರಾರಿನ ಪ್ರಕಾರ 3,000 ರೂಬಲ್‌ಗಳಿಗೆ ದಾಸ್ತೊಯೆವ್‌ಸ್ಕಿಯ ಅದುವರೆಗಿನ ಸಮಗ್ರ ಬರವಣಿಗೆಯನ್ನು ಸಂಪುಟಗಳಲ್ಲಿ ಪ್ರಕಟಿಸುವ ಹಕ್ಕು ಅವನಿಗೆ ದೊರೆಯಿತು. ಜೊತೆಗೆ, 1866ರ ನವೆಂಬರ್ 1ರೊಳಗೆ ಕನಿಷ್ಠ ಹತ್ತು ಫಾರಂಗಳ ಹೊಸ ಕಾದಂಬರಿಯೊಂದನ್ನು ಲೇಖಕ ಒಪ್ಪಿಸಬೇಕಿತ್ತು. ಫಾರಮಿಗೆ ಹದಿನಾರು ಪುಟದಂತೆ ಲೆಕ್ಕ ಹಿಡಿದರೆ ಇದು ಸುಮಾರು 160 ಪುಟಗಳಾಗುತ್ತದೆ. ತಪ್ಪಿದಲ್ಲಿ, ಮುಂದಿನ ಒಂಬತ್ತು ವರ್ಷ ದಾಸ್ತೊಯೆವ್‌ಸ್ಕಿ ಏನನ್ನೇ ಬರೆದರೂ ಅದನ್ನು ಯಾವ ಸಂಭಾವನೆಯೂ ಇಲ್ಲದೆ ಪ್ರಕಟಿಸುವ ಅಧಿಕಾರ ಪ್ರಕಾಶಕನದಾಗುತ್ತಿತ್ತು.

ಪಡೆದ ಹಣದ ಬಹುಭಾಗ ಸಾಲಕ್ಕೆ ಸಂದಿತು. ಬಾಕಿ ಸಾಲಪತ್ರಗಳಲ್ಲಿ ಹಲವನ್ನು ಸ್ತೆಲ್ಲೊವ್‌ಸ್ಕಿಯೇ ಬೇರೆಯವರ ಮೂಲಕ ಅಗ್ಗಕ್ಕೆ ಕೊಂಡಿದ್ದನೆಂದೂ, ಹೀಗಾಗಿ ಕೊಟ್ಟ ಹಣ ಅವನ ಕಿಸೆಗೇ ಮರಳಿತೆಂದೂ ದಾಸ್ತೊಯೆವ್‌ಸ್ಕಿ ನಂಬಿದ್ದ. ಉಳಿದ ಅಲ್ಪ ಮೊತ್ತದೊಡನೆ ಅವನು ಜರ್ಮನಿಯ ವೀಸ್‌ಬಾಡೆನ್‌ಗೆ ಹೋಗಿ ಅದನ್ನೂ ರೂಲೆಟ್ ಜೂಜಿನಲ್ಲಿ ಕಳೆದುಕೊಂಡ.

ಈ ಕರಾರಿಗೆ ಸಹಿ ಹಾಕಿದ್ದನ್ನು ಕೇವಲ ಅಸಹಾಯಕತೆಯೆಂದು ವಿವರಿಸಿದರೆ ಅರ್ಧ ಸತ್ಯವಾಗುತ್ತದೆ. ಇಂದಿನ ಅಗತ್ಯಕ್ಕಾಗಿ ಇಡೀ ಭವಿಷ್ಯವನ್ನು ಒಂದು ದಿನಾಂಕದ ಮೇಲೆ ಪಣವಾಗಿಡುವ ಈ ಕ್ರಮದಲ್ಲಿ ಜೂಜಿನ ಸ್ವರೂಪವಿದೆ. ಅಷ್ಟೇ ಅಲ್ಲದೆ, ತನ್ನ ಬರೆಯುವ ಶಕ್ತಿಯ ಮೇಲಿನ ನಂಬಿಕೆಯೂ ಇದೆ. ಹದಿನಾರು ತಿಂಗಳು ದೊಡ್ಡ ಅವಧಿಯೆಂದೇ ಆಗ ತೋರಿರಬೇಕು. ಆದರೆ ಆ ಅವಧಿಯನ್ನು ಇನ್ನೊಂದು ಕೃತಿ ಪೂರ್ತಿಯಾಗಿ ತೆಗೆದುಕೊಂಡಿತು.

3. ಎರಡು ಕಾದಂಬರಿಗಳ ನಡುವೆ

ವೀಸ್‌ಬಾಡೆನ್‌ನಲ್ಲಿ ಹೋಟೆಲಿನ ಬಾಕಿ ತೀರಿಸಲೂ ಹಣವಿಲ್ಲದೆ ಕುಳಿತಿದ್ದಾಗ, ಅವನು ‘ರೂಸ್ಕಿ ವೆಸ್ತ್‌ನಿಕ್’ ಪತ್ರಿಕೆಯ ಸಂಪಾದಕ ಕತ್ಕೋವ್‌ಗೆ ಒಂದು ಕಥೆಯ ರೂಪರೇಷೆಯನ್ನು ಕಳುಹಿಸಿದ. ಸಿದ್ಧಾಂತವೊಂದರ ಬಲದಿಂದ ಕೊಲೆ ಮಾಡುವ ಬಡ ವಿದ್ಯಾರ್ಥಿಯ ಕಥೆ ಅದು. ನೀಳ್ಗತೆಯೆಂದು ಹೊರಟಿದ್ದು ‘ಅಪರಾಧ ಮತ್ತು ಶಿಕ್ಷೆ’ ಎಂಬ ಬೃಹತ್ ಕಾದಂಬರಿಯಾಗಿ ಬೆಳೆಯಿತು. ಬರೆದದ್ದು ಸಾಕಷ್ಟಾಗಿದ್ದರೂ ತೃಪ್ತಿಯಾಗದೆ, 1865ರ ನವೆಂಬರ್‌ನಲ್ಲಿ ಅವನು ಅದನ್ನು ಸುಟ್ಟು ಹೊಸದಾಗಿ ಆರಂಭಿಸಿದ. ಉತ್ತಮಪುರುಷದ ನಿವೇದನೆಯಾಗಿದ್ದ ಕಥನ ಈ ಹಂತದಲ್ಲಿ ಪ್ರಥಮಪುರುಷಕ್ಕೆ ತಿರುಗಿತು. ಸಾಲದ ಇಕ್ಕಟ್ಟಿನಲ್ಲಿದ್ದ ಲೇಖಕನೊಬ್ಬ ತಿಂಗಳುಗಳ ದುಡಿಮೆಯನ್ನು ಬೆಂಕಿಗೆ ಹಾಕಿದ ಎಂಬುದನ್ನು ನೆನಪಿನಲ್ಲಿಡಬೇಕು. ಮುಂದೆ ಅವನು ಗಡುವಿನೊಡನೆ ನಡೆಸಿದ ವ್ಯವಹಾರವನ್ನು ತಿಳಿಯಲು ಇದು ನೆರವಾಗುತ್ತದೆ. ಗಡುವು ಎಷ್ಟೇ ಒತ್ತಿದರೂ ಕೃತಿಯ ಮಟ್ಟದ ವಿಷಯದಲ್ಲಿ ಅವನು ರಾಜಿಗೆ ಸಿದ್ಧನಿರಲಿಲ್ಲ.

1866ರ ಜನವರಿಯಿಂದ ‘ಅಪರಾಧ ಮತ್ತು ಶಿಕ್ಷೆ’ ಕಂತುಗಳಲ್ಲಿ ಪ್ರಕಟವಾಗತೊಡಗಿತು. ಆ ವರ್ಷದ ಬೇಸಗೆಯನ್ನು ಅವನು ಮಾಸ್ಕೋ ಸಮೀಪದ ಲ್ಯುಬ್ಲಿನೊದಲ್ಲಿ, ತಂಗಿ ವೇರಾಳ ಕುಟುಂಬದ ನೆರೆಯಲ್ಲಿ ಕಳೆದ. ಗಡುವನ್ನು ಕೆಲವು ತಿಂಗಳು ಮುಂದೂಡುವಂತೆ ಸ್ತೆಲ್ಲೊವ್‌ಸ್ಕಿಯನ್ನು ಕೇಳಿಕೊಂಡ. ದಂಡ ತೆರಲೂ ಸಿದ್ಧನಿದ್ದ. ಪ್ರಕಾಶಕ ಒಪ್ಪಲಿಲ್ಲ. ಆಗ ದಾಸ್ತೊಯೆವ್‌ಸ್ಕಿ ಇನ್ನೊಂದು ಉಪಾಯ ಹೂಡಿದ. ನಾಲ್ಕು ತಿಂಗಳಲ್ಲಿ ಮೂವತ್ತು ಫಾರಂಗಳಷ್ಟನ್ನು, ಒಂದು ಕಾದಂಬರಿಯನ್ನು ಬೆಳಗ್ಗೆ ಮತ್ತೊಂದನ್ನು ಸಂಜೆ, ಬರೆದು ಮುಗಿಸುವುದು ಆ ಉಪಾಯ. ಜೂನ್ ತಿಂಗಳಲ್ಲಿ ಬರೆದ ಪತ್ರವೊಂದರಲ್ಲಿ ಈ ಯೋಜನೆಯನ್ನು ವಿವರಿಸುವಾಗ ಅವನ ಧಾಟಿಯಲ್ಲಿ ಆತಂಕದಷ್ಟೇ ಉತ್ಸಾಹವೂ ಕಾಣುತ್ತದೆ. ಇಂಥ ಅಸಾಧಾರಣ ಸಾಹಸಗಳು ತನಗೆ ಇಷ್ಟವೆಂದು ಅವನು ಒಪ್ಪಿಕೊಳ್ಳುತ್ತಾನೆ. ಸಮಕಾಲೀನ ತುರ್ಗೆನೆವ್‌ನಂಥವನಿಗೆ ಈ ಯೋಚನೆಯಿಂದಲೇ ಪ್ರಾಣ ಹೋದೀತೆಂದು ಹಾಸ್ಯ ಮಾಡುತ್ತಾನೆ.

ಯೋಜನೆ ಕಾಗದದ ಮೇಲೇ ಉಳಿಯಿತು. ಸೋನ್ಯಾ ಬೈಬಲ್ ಓದಿ ಹೇಳುವ ಅಧ್ಯಾಯವನ್ನು ‘ರೂಸ್ಕಿ ವೆಸ್ತ್‌ನಿಕ್’ ಸಂಪಾದಕರು ನೈತಿಕ ಆಕ್ಷೇಪದಿಂದ ತಡೆಹಿಡಿದರು. ಅದನ್ನು ತಿದ್ದಿ ಬರೆಯಲು ಅವನು ಹೊಸ ಅಧ್ಯಾಯಗಳಷ್ಟೇ ಶ್ರಮ ಪಡಬೇಕಾಯಿತು. ಸ್ತೆಲ್ಲೊವ್‌ಸ್ಕಿಯ ಕಾದಂಬರಿಗೆ ಬೇಸಗೆಯಲ್ಲಿ ಒಂದು ನಕ್ಷೆ ಮಾತ್ರ ಸಿದ್ಧವಾಯಿತು. ಅವನು ಸವಾಲನ್ನು ನಿರಾಕರಿಸಲೂ ಇಲ್ಲ, ಕೈಗೆತ್ತಿಕೊಳ್ಳಲೂ ಇಲ್ಲ. ನಿರ್ಧಾರವನ್ನು ಮುಂದೂಡುವುದೇ ಆ ತಿಂಗಳುಗಳ ನಿರ್ಧಾರವಾಗಿತ್ತು.

4. ನಿರಾಕರಣೆ ಮತ್ತು ಒಪ್ಪಿಗೆ

ಅಕ್ಟೋಬರ್ 1ರಂದು ಗೆಳೆಯ ಮಿಲ್ಯುಕೋವ್ ಪೀಟರ್ಸ್‌ಬರ್ಗ್‌ನ ಮನೆಗೆ ಬಂದಾಗ ದಾಸ್ತೊಯೆವ್‌ಸ್ಕಿ ಕರಾರಿನ ವಿವರವನ್ನು ತಿಳಿಸಿದ. ಬೆಚ್ಚಿದ ಮಿಲ್ಯುಕೋವ್ ಒಂದು ಸಲಹೆ ಮುಂದಿಟ್ಟ. ಕಥೆಯ ನಕ್ಷೆ ಹೇಗೂ ಇದೆ. ನಾಲ್ಕಾರು ಸಾಹಿತಿಮಿತ್ರರು ಅದನ್ನು ಹಂಚಿಕೊಂಡು ಒಬ್ಬೊಬ್ಬರು ಒಂದೊಂದು ಭಾಗ ಬರೆದರೆ ಗಡುವಿನೊಳಗೆ ಕಾದಂಬರಿ ಮುಗಿಯುತ್ತದೆ. ದಾಸ್ತೊಯೆವ್‌ಸ್ಕಿ ಒಟ್ಟು ತಿದ್ದಿದರೆ ಸಾಕು. ವ್ಯಾವಹಾರಿಕವಾಗಿ ನೋಡಿದರೆ ಇದರಲ್ಲಿ ಅಸಾಧ್ಯವಾದುದೇನೂ ಇರಲಿಲ್ಲ. ಕರಾರಿನ ಗುರಿ ಲೇಖಕನನ್ನು ಕಟ್ಟಿಹಾಕುವುದಾಗಿದ್ದುದರಿಂದ, ಅಂಥ ಪ್ರಕಾಶಕನಿಗೆ ಇಂಥದೊಂದು ಕೃತಿಯನ್ನು ಕೊಟ್ಟರೆ ಅನ್ಯಾಯವೇನೆಂದು ವಾದಿಸಲೂ ಬಹುದಿತ್ತು. ಆದರೆ ಬೇರೆಯವರು ಬರೆದುದರ ಕೆಳಗೆ ತನ್ನ ಹೆಸರು ಹಾಕಲಾರೆನೆಂದು ದಾಸ್ತೊಯೆವ್‌ಸ್ಕಿ ಈ ಸಲಹೆಯನ್ನು ತಳ್ಳಿಹಾಕಿದ.

ಈ ನಿರಾಕರಣೆಯಿಂದ ಅವನ ಮುಂದಿನ ಹಾದಿಗಳು ಕಿರಿದಾದವು. ಸೋಲನ್ನು ಒಪ್ಪಿ ಒಂಬತ್ತು ವರ್ಷಗಳ ಬರವಣಿಗೆಯನ್ನು ಬಿಟ್ಟುಕೊಡುವುದು ಒಂದು. ಒಂಟಿಯಾಗಿ, ರಾತ್ರಿಯ ಹೊತ್ತು, ಕೈಯಲ್ಲೇ ಬರೆದು ಮುಗಿಸಲು ಯತ್ನಿಸುವುದು ಇನ್ನೊಂದು. ಅಪಸ್ಮಾರದ ಕಾಯಿಲೆಯಿದ್ದ, ಬರೆದುದನ್ನು ಮತ್ತೆ ಮತ್ತೆ ತಿದ್ದುವ ಅಭ್ಯಾಸವಿದ್ದ ಅವನಿಗೆ ಇದು ಹೆಚ್ಚು ಕಡಿಮೆ ಅಸಾಧ್ಯವಾಗಿತ್ತು. ಮೂರನೆಯ ಹಾದಿಯನ್ನು ತೋರಿದವನೂ ಮಿಲ್ಯುಕೋವನೇ. ಶೀಘ್ರಲಿಪಿ ಬಲ್ಲವರೊಬ್ಬರಿಗೆ ಹೇಳಿ ಬರೆಸುವುದು ಆ ಹಾದಿ. ಆ ಕಾಲದ ರಷ್ಯದಲ್ಲಿ ಶೀಘ್ರಲಿಪಿ ಇನ್ನೂ ಹೊಸ ವಿದ್ಯೆ. ಏಕಾಂತದಲ್ಲಿ ಬರೆದು ರೂಢಿಯಾದ ದಾಸ್ತೊಯೆವ್‌ಸ್ಕಿ ಎಂದೂ ಹೇಳಿ ಬರೆಸಿದವನಲ್ಲ. ಆದರೂ ಒಪ್ಪಿದ.

ಸವಾಲನ್ನು ಕೈಗೊಳ್ಳುವ ನಿರ್ಧಾರ ನಿಜವಾಗಿ ರೂಪುಗೊಂಡದ್ದು ಇಲ್ಲಿ, ಈ ಎರಡು ಉತ್ತರಗಳ ನಡುವೆ. ಹೊರನೋಟಕ್ಕೆ ಎರಡೂ ಸಲಹೆಗಳು ಒಂದೇ ಬಗೆಯವು. ಎರಡರಲ್ಲೂ ಇನ್ನೊಬ್ಬರ ಕೈ ಲೇಖಕನ ಕೆಲಸದೊಳಕ್ಕೆ ಬರುತ್ತದೆ. ದಾಸ್ತೊಯೆವ್‌ಸ್ಕಿ ಅವುಗಳ ನಡುವೆ ಗೆರೆ ಎಳೆದ. ಲೇಖನಿಯನ್ನು ಇನ್ನೊಬ್ಬರ ಕೈಗೆ ಕೊಡಬಹುದು, ಮಾತನ್ನು ಕೊಡಲಾಗದು. ವ್ಯಾಸರು ಹೇಳಿ ಗಣಪತಿ ಬರೆದ ಕಥೆಯನ್ನು ಬಲ್ಲ ನಮ್ಮ ಪರಂಪರೆಗೆ ಈ ಗೆರೆ ಅಪರಿಚಿತವೇನಲ್ಲ. ಸಾಧ್ಯವಿದೆಯೇ ಎಂಬ ಪ್ರಶ್ನೆಗೆ ಉತ್ತರ ದೊರೆಯುವ ಮುನ್ನ, ಯಾವುದನ್ನು ಬಿಡಲಾರೆ ಎಂಬುದಕ್ಕೆ ಅವನು ಉತ್ತರ ಕಂಡುಕೊಂಡಿದ್ದ. ಉಳಿದುದೆಲ್ಲವನ್ನೂ, ತನ್ನ ಏಕಾಂತವನ್ನೂ ಸೇರಿಸಿ, ಬಿಡಲು ಸಾಧ್ಯವಾದದ್ದು ಆ ಬಳಿಕ.

5. ಅಕ್ಟೋಬರ್ 4ರಿಂದ 29

ಶೀಘ್ರಲಿಪಿಯ ಅಧ್ಯಾಪಕ ಓಲ್ಖಿನ್ ತನ್ನ ಉತ್ತಮ ವಿದ್ಯಾರ್ಥಿನಿಯಾದ ಅನ್ನಾ ಗ್ರಿಗೊರ್ಯೆವ್ನಾ ಸ್ನಿತ್ಕಿನಾಳನ್ನು ಕಳುಹಿಸಿಕೊಟ್ಟ. ಇಪ್ಪತ್ತು ವರ್ಷದ ಆಕೆಯ ತಂದೆ ಅದೇ ವರ್ಷ ತೀರಿಕೊಂಡಿದ್ದ. ದಾಸ್ತೊಯೆವ್‌ಸ್ಕಿಯ ಬರವಣಿಗೆಯನ್ನು ಮೆಚ್ಚಿದ್ದ ಮನೆ ಅದು. ಅಕ್ಟೋಬರ್ 4ರಂದು ಆಕೆ ಸ್ತೊಲ್ಯಾರ್ನಿ ಓಣಿಯ ಮೂಲೆಮನೆಗೆ ಬಂದಾಗ ಲೇಖಕನಿಗೆ ಈ ಪ್ರಯೋಗದಲ್ಲಿ ಪೂರ್ಣ ವಿಶ್ವಾಸವಿರಲಿಲ್ಲ. ಪತ್ರಿಕೆಯೊಂದರ ಪುಟವನ್ನು ಅತಿವೇಗವಾಗಿ ಓದಿ ಬರೆಯಿಸಿ ಪರೀಕ್ಷಿಸಿದ. ಬಿಟ್ಟುಹೋದ ವಿರಾಮಚಿಹ್ನೆಯೊಂದಕ್ಕೆ ಕೋಪಗೊಂಡ. ಸಂಜೆ ಮತ್ತೆ ಬರಹೇಳಿ ಕಾದಂಬರಿಯ ಮೊದಲ ಭಾಗವನ್ನು ಹೇಳತೊಡಗಿದ. ಮರುದಿನ ಆಕೆ ಬರುವುದು ತಡವಾದಾಗ, ಆಕೆ ಕೆಲಸ ಬಿಟ್ಟಳೆಂದೂ ಹೇಳಿದ್ದ ಭಾಗ ಕಳೆದುಹೋಯಿತೆಂದೂ ಗಾಬರಿಯಾಗಿದ್ದ.

ಕೆಲವೇ ದಿನಗಳಲ್ಲಿ ಒಂದು ಕ್ರಮ ಏರ್ಪಟ್ಟಿತು. ರಾತ್ರಿ ಅವನು ಮರುದಿನದ ಭಾಗವನ್ನು ಟಿಪ್ಪಣಿಗಳಲ್ಲಿ ಸಿದ್ಧಪಡಿಸುವುದು, ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ನಡುನಡುವೆ ವಿರಾಮಗಳೊಡನೆ ಹೇಳುವುದು, ಆಕೆ ಮನೆಗೆ ಹೋಗಿ ಶೀಘ್ರಲಿಪಿಯನ್ನು ಸಾಮಾನ್ಯ ಲಿಪಿಗೆ ಇಳಿಸಿ ಮರುದಿನ ತರುವುದು, ಅವನು ತಿದ್ದುವುದು. ದಿನಕ್ಕೆ ಸರಾಸರಿ ಆರು ಅಚ್ಚು ಪುಟಗಳಷ್ಟು ಕೆಲಸ ಸಾಗಬೇಕಿತ್ತು. ಮುಗಿದ ಹಾಳೆಗಳನ್ನು ಎಣಿಸುತ್ತ ಹೋದಂತೆ ಅವನಲ್ಲಿ ಭರವಸೆ ಮೂಡಿತು. ವಿರಾಮದ ಹೊತ್ತಿನಲ್ಲಿ ತನ್ನ ಸೆರೆವಾಸ, ವಧಾಸ್ಥಾನದ ನಿಮಿಷಗಳು, ಸಾಲಗಳನ್ನು ಕುರಿತು ಆಕೆಗೆ ಹೇಳುತ್ತಿದ್ದ. ಕಾದಂಬರಿಯ ಪಾತ್ರಗಳನ್ನು ಕುರಿತು ಇಬ್ಬರ ನಡುವೆ ವಾದವೂ ನಡೆಯುತ್ತಿತ್ತು. ಆಕೆಗೆ ನಾಯಕನ ದೌರ್ಬಲ್ಯ ಅಕ್ಷಮ್ಯವಾಗಿ ಕಂಡರೆ, ಲೇಖಕ ಅವನ ಪರ ನಿಲ್ಲುತ್ತಿದ್ದ. ಕೃತಿಯ ಮೊದಲ ವಿಮರ್ಶೆ ಹೀಗೆ ರಚನೆಯ ಜೊತೆಜೊತೆಗೇ ನಡೆಯಿತು. ಅಕ್ಟೋಬರ್ 29ರಂದು ಹೇಳಿಕೆ ಮುಗಿಯಿತು. 30, ಅವನ ಹುಟ್ಟುಹಬ್ಬದ ದಿನ, ಕೊನೆಯ ಹಾಳೆಗಳು ಕೈಸೇರಿದವು. ಈ ಅವಧಿಯ ಇನ್ನೊಂದು ಬೆಲೆಯನ್ನೂ ಗುರುತಿಸಬೇಕು. ‘ರೂಸ್ಕಿ ವೆಸ್ತ್‌ನಿಕ್’ನ ಸೆಪ್ಟೆಂಬರ್ ಮತ್ತು ಅಕ್ಟೋಬರ್ ಸಂಚಿಕೆಗಳಲ್ಲಿ ‘ಅಪರಾಧ ಮತ್ತು ಶಿಕ್ಷೆ’ಯ ಕಂತುಗಳಿಲ್ಲ.

ಹಸ್ತಪ್ರತಿಯನ್ನು ಸ್ವೀಕರಿಸದಿರಲು ಪ್ರಕಾಶಕ ತಲೆಮರೆಸಿಕೊಳ್ಳಬಹುದೆಂಬ ಅನುಮಾನ ಅನ್ನಾಳಿಗೆ ಮೊದಲೇ ಬಂದಿತ್ತು. ಆಕೆಯ ಕೋರಿಕೆಯಂತೆ ತಾಯಿ ವಕೀಲರೊಬ್ಬರನ್ನು ವಿಚಾರಿಸಿ, ನೋಟರಿಗೋ ಪೊಲೀಸ್ ಅಧಿಕಾರಿಗೋ ಒಪ್ಪಿಸಿ ರಸೀತಿ ಪಡೆಯಬಹುದೆಂದು ತಿಳಿದುಬಂದಳು. ನವೆಂಬರ್ 1ರಂದು ನಡೆದದ್ದೂ ಹಾಗೆಯೇ. ಸ್ತೆಲ್ಲೊವ್‌ಸ್ಕಿ ಊರಲ್ಲಿರಲಿಲ್ಲ, ಹಸ್ತಪ್ರತಿ ಪಡೆಯುವ ಅಧಿಕಾರ ತನಗಿಲ್ಲವೆಂದು ಅವನ ಕಚೇರಿಯ ವ್ಯವಸ್ಥಾಪಕ ಹೇಳಿದ. ರಾತ್ರಿ ಹತ್ತರ ಸುಮಾರಿಗೆ ದಾಸ್ತೊಯೆವ್‌ಸ್ಕಿ ಆ ವಿಭಾಗದ ಪೊಲೀಸ್ ಅಧಿಕಾರಿಗೆ ಕಾದಂಬರಿಯನ್ನು ಒಪ್ಪಿಸಿ, ದಿನಾಂಕ ಸಹಿತ ರಸೀತಿ ಪಡೆದ.

6. ಕೃತಿಯ ಮೇಲೆ ಗಡುವಿನ ಗುರುತು

ಹೀಗೆ ಹುಟ್ಟಿದ ‘ಜೂಜುಕೋರ’ ಜರ್ಮನಿಯ ಕಲ್ಪಿತ ಜೂಜಿನ ಪಟ್ಟಣವೊಂದರಲ್ಲಿ ನಡೆಯುವ ಕಥೆ. ರಷ್ಯದ ಜನರಲ್ ಒಬ್ಬನ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ಅಲೆಕ್ಸೇಯ್ ಇವಾನೊವಿಚ್ ಅದರ ನಿರೂಪಕ. ಪೊಲೀನಾಳ ಮೇಲಿನ ಅವನ ಪ್ರೇಮ ಜೂಜಿನ ಗೀಳಿಗೆ ಕ್ರಮೇಣ ಎಡೆಕೊಡುತ್ತದೆ. ಆಸ್ತಿಗಾಗಿ ಬಂಧುಗಳು ಸಾವನ್ನೇ ಎದುರುನೋಡುತ್ತಿರುವ ಮುದುಕಿ ಗಾಲಿಕುರ್ಚಿಯಲ್ಲಿ ಕುಳಿತು ಅಲ್ಲಿಗೇ ಬಂದು, ಆ ಹಣವನ್ನೆಲ್ಲ ರೂಲೆಟ್ಟಿಗೆ ಸುರಿಯುವ ಪ್ರಸಂಗಗಳು ಕಾದಂಬರಿಯ ಅತ್ಯಂತ ಜೀವಂತ ಭಾಗಗಳು.

ಇಪ್ಪತ್ತಾರು ದಿನಗಳ ಲೆಕ್ಕ ಬರವಣಿಗೆಗೆ ಮಾತ್ರ ಸಂಬಂಧಿಸಿದ್ದು. ವಿದೇಶದಲ್ಲಿ ಜೂಜಿಗೆ ಬಿದ್ದ ರಷ್ಯನ್ ಒಬ್ಬನ ಕಥೆಯ ಕಲ್ಪನೆಯನ್ನು ದಾಸ್ತೊಯೆವ್‌ಸ್ಕಿ 1863ರಲ್ಲೇ ರೋಮ್‌ನಿಂದ ಸ್ತ್ರಾಖೋವ್‌ಗೆ ಬರೆದ ಪತ್ರದಲ್ಲಿ ವಿವರಿಸಿದ್ದ. ಜೂಜಿನ ಮೇಜು, ಅಪೊಲಿನಾರಿಯಾ ಸುಸ್ಲೊವಾಳೊಡನೆ ಕಳೆದ ಯಾತನೆಯ ದಿನಗಳು ಅವನ ಅನುಭವದಲ್ಲಿ ಆಗಲೇ ಇದ್ದವು. ಮೀಮಾಂಸಕರ ಪರಿಭಾಷೆಯಲ್ಲಿ ಹೇಳುವುದಾದರೆ ಪ್ರತಿಭೆ, ವ್ಯುತ್ಪತ್ತಿ, ಅಭ್ಯಾಸಗಳು ಮೂರು ವರ್ಷಗಳಿಂದ ಸಿದ್ಧವಾಗಿದ್ದವು. ಗಡುವು ಅವುಗಳನ್ನು ಹುಟ್ಟಿಸಲಿಲ್ಲ, ಹೊರಗೆ ಎಳೆಯಿತು. ಸವಾಲನ್ನು ಸ್ವೀಕರಿಸಲು ಸಾಧ್ಯವಾದುದರ ಒಂದು ಗುಟ್ಟು ಇದರಲ್ಲಿದೆ.

ಹೇಳಿ ಬರೆಸಿದ ಕ್ರಮ ಕೃತಿಯ ರೂಪಕ್ಕೆ ಹೊಂದಿಕೊಂಡಿದೆ. ‘ಅಪರಾಧ ಮತ್ತು ಶಿಕ್ಷೆ’ಯಲ್ಲಿ ಕೈಬಿಟ್ಟ ಉತ್ತಮಪುರುಷ ನಿರೂಪಣೆ ಇಲ್ಲಿ ಮರಳಿ ಬಂದಿದೆ. ಎದುರಿಗಿದ್ದ ಕೇಳುಗಳ ಮುಂದೆ ಓಡಾಡುತ್ತ ಆಡಿದ ಮಾತು, ತನ್ನನ್ನು ಸಮರ್ಥಿಸಿಕೊಳ್ಳುತ್ತ, ಅಣಕಿಸಿಕೊಳ್ಳುತ್ತ, ಅರ್ಧಕ್ಕೆ ತಡೆದು ಬೇರೆಡೆಗೆ ಹೊರಳುವ ನಿರೂಪಕನ ಮಾತಾಯಿತು. ದಾಸ್ತೊಯೆವ್‌ಸ್ಕಿಯ ಪಾತ್ರಗಳು ಸದಾ ಇನ್ನೊಬ್ಬರ ಉತ್ತರವನ್ನು ನಿರೀಕ್ಷಿಸುತ್ತಲೇ ಮಾತಾಡುತ್ತವೆಂದು ಬಖ್ತಿನ್ 1929ರ ತನ್ನ ಅಧ್ಯಯನದಲ್ಲಿ ತೋರಿಸಿದ. ಈ ಗುಣ 1864ರ ‘ನೆಲಮಾಳಿಗೆಯ ಟಿಪ್ಪಣಿಗಳು’ ಕೃತಿಯಲ್ಲೇ ಇರುವುದರಿಂದ ಶೀಘ್ರಲಿಪಿಯೇ ಅದಕ್ಕೆ ಕಾರಣವೆನ್ನಲಾಗದು. ಆ ಗುಣಕ್ಕೆ ತಕ್ಕ ಕೆಲಸದ ವಿಧಾನವೊಂದು 1866ರಲ್ಲಿ ಸಿಕ್ಕಿತೆನ್ನಬಹುದು. ಅವಸರದ ಗುರುತುಗಳೂ ಕಾದಂಬರಿಯಲ್ಲಿವೆ. ಪ್ಯಾರಿಸ್ಸಿನ ಭಾಗ ತೀರ ಸಂಕ್ಷಿಪ್ತ. ಕೆಲವು ಪಾತ್ರಗಳು ರೇಖಾಚಿತ್ರಗಳಾಗಿಯೇ ಉಳಿದಿವೆ. ನಾಳೆ ಎಲ್ಲವೂ ಬದಲಾಗುತ್ತದೆಂಬ ನಂಬಿಕೆಯಲ್ಲಿ ನಾಯಕನನ್ನು ಬಿಟ್ಟು ಕೃತಿ ಮುಗಿಯುತ್ತದೆ. ಅದನ್ನು ಹೇಳಿ ಬರೆಸುತ್ತಿದ್ದವನಿಗೆ ಅಂಥ ನಾಳೆಯ ಸೌಲಭ್ಯ ಇರಲಿಲ್ಲ.

7. ಉಳಿದುಬಂದ ಕ್ರಮ

ನವೆಂಬರ್ 8ರಂದು ದಾಸ್ತೊಯೆವ್‌ಸ್ಕಿ ಅನ್ನಾಳನ್ನು ಮದುವೆಯಾಗಲು ಕೇಳಿದ. ‘ಅಪರಾಧ ಮತ್ತು ಶಿಕ್ಷೆ’ಯ ಕೊನೆಯ ಭಾಗ ಆಕೆಯ ನೆರವಿನಿಂದಲೇ ಮುಗಿಯಿತು. 1867ರ ಫೆಬ್ರವರಿ 15ರಂದು ಮದುವೆಯಾಯಿತು. ಸಾಲದ ಕಾಟದಿಂದ ಇಬ್ಬರೂ ಅದೇ ವರ್ಷ ದೇಶ ಬಿಟ್ಟು ನಾಲ್ಕು ವರ್ಷ ಹೊರಗಿದ್ದರು. ಜೂಜಿನ ಗೀಳನ್ನು ಅದನ್ನೇ ಕುರಿತ ಕಾದಂಬರಿ ಬಿಡಿಸಲಿಲ್ಲ. ಅದು ಬಿಟ್ಟದ್ದು 1871ರಲ್ಲಿ. ಸವಾಲೊಂದನ್ನು ಗೆದ್ದೊಡನೆ ಬದುಕು ಸರಿಹೋಯಿತೆಂಬ ಸರಳ ಕಥೆ ಇಲ್ಲಿಲ್ಲ.

ಆದರೂ ಅಕ್ಟೋಬರ್‌ನ ಆ ನಿರ್ಧಾರದಿಂದ ಉಳಿದದ್ದೇನೆಂದು ದಿನಾಂಕಗಳೇ ತಿಳಿಸುತ್ತವೆ. ಗಡುವು ತಪ್ಪಿದ್ದರೆ ಸ್ತೆಲ್ಲೊವ್‌ಸ್ಕಿಯ ಹಕ್ಕು 1875ರ ನವೆಂಬರ್‌ವರೆಗೆ ನಡೆಯುತ್ತಿತ್ತು. ‘ಈಡಿಯಟ್’ (1868-69), ‘ದೆವ್ವಗಳು’ (1871-72), ‘ಹದಿಹರೆಯದವನು’ (1875) ಈ ಮೂರೂ ಆ ಅವಧಿಯೊಳಗೆ ಬರುತ್ತವೆ. 1873ರಲ್ಲಿ ದಂಪತಿ ‘ದೆವ್ವಗಳು’ ಕಾದಂಬರಿಯನ್ನು ತಾವೇ ಪುಸ್ತಕವಾಗಿ ಪ್ರಕಟಿಸಿದರು. ಅಂದಿನಿಂದ ಪ್ರಕಟಣೆಯ ವ್ಯವಹಾರವನ್ನು ಅನ್ನಾ ನೋಡಿಕೊಂಡಳು. ಕರಾರಿಗೆ ಅವರು ಕೊಟ್ಟ ಪೂರ್ಣ ಉತ್ತರ ಇದು. ಆಪತ್ಕಾಲದ ಉಪಾಯವಾಗಿ ಒಪ್ಪಿಕೊಂಡಿದ್ದ ಕೆಲಸದ ಕ್ರಮ, ಎಂದರೆ ರಾತ್ರಿ ಟಿಪ್ಪಣಿ, ಹಗಲು ಹೇಳಿಕೆ, ಆಮೇಲೆ ತಿದ್ದುವಿಕೆ, ಕೊನೆಯ ಕಾದಂಬರಿಯವರೆಗೂ ಮುಂದುವರಿಯಿತು. 1879-80ರಲ್ಲಿ ಪ್ರಕಟವಾದ ‘ಕರಮಜೋವ್ ಸಹೋದರರು’ ಅನ್ನಾ ಗ್ರಿಗೊರ್ಯೆವ್ನಾಳಿಗೆ ಅರ್ಪಿತವಾಗಿದೆ.